ಪರದೆ ಸರಿಯಿತು, ಬಾಗಿಲು ಅಲ್ಲೇ ನಿಂತಿತು

ನಮ್ಮ ಭಾವ ಯಾರ ಮನೆಗೆ ಹೋದರೂ ಮೊದಲು ಮಾತಾಡಿಸುವುದು ಕಿಟಕಿಯನ್ನು. ಮನೆಯವರು “ಬನ್ನಿ, ಕೂತ್ಕೊಳ್ಳಿ” ಎನ್ನುವಷ್ಟರಲ್ಲಿ ಇವರು ಕಿಟಕಿಯ ಗಾಜನ್ನು ಒಂದು ಬೆರಳಿನಿಂದ ಆಚೆ ತಳ್ಳಿ, ಈಚೆ ಎಳೆದು, ತಲೆ ವಾಲಿಸಿ ಕಿವಿಗೊಟ್ಟು ನಿಂತಿರುತ್ತಾರೆ. ಆಮೇಲೆ “ಕೆಳಗಡೆ ಮಣ್ಣು ಕೂತಿದೆ” ಎನ್ನುತ್ತಾರೆ. ಕ್ಷೇಮಸಮಾಚಾರವೆಲ್ಲ ಅದಾದ ಮೇಲೆ. ಅಕ್ಕನಿಗೆ ಹೊಟ್ಟೆಯ ಆಪರೇಷನ್ ಆದ ದಿನ ನಾವೆಲ್ಲ ಆಸ್ಪತ್ರೆಯ ಬೆಂಚಿನ ಮೇಲೆ ಉಗುರು ಕಚ್ಚುತ್ತ ಕೂತಿದ್ದರೆ, ಇವರು ಲಿಫ್ಟಿನ ಬಾಗಿಲು ಮುಚ್ಚುವ ಮುಂಚೆ ಯಾಕೆ ಒಮ್ಮೆ ಅನುಮಾನಿಸುತ್ತದೆ ಎಂದು ಲಿಫ್ಟಿನವನ ಜೊತೆ ಚರ್ಚೆಗಿಳಿದಿದ್ದರು. ಅಕ್ಕನಿಗೆ ಎಚ್ಚರವಾದ ಮೇಲೆ ನಾನು ಚಾಡಿ ಹೇಳಿದೆ.

“ಅವರಿಗೆ ಭಯ ಆದಾಗ್ಲೇ ಕಣೋ ಬಾಗಿಲು ಜಾಸ್ತಿ ಕಾಣೋದು,” ಎಂದಳು ಅಕ್ಕ.

ಭಾವನ ಕಸುಬೇ ಅದು. ಅಂಗಡಿಯ ಗಾಜಿನ ಬಾಗಿಲು, ಅಲಮಾರಿನ ಬಾಗಿಲು, ಕಾರು ನಿಲ್ಲಿಸುವ ಶೆಡ್ಡಿನ ಗೇಟು, ಒಟ್ಟಿನಲ್ಲಿ ಪಕ್ಕಕ್ಕೆ ಸರಿಯುವುದೆಲ್ಲ ಅವರ ಕೈಯಲ್ಲಿ ಆಗಬೇಕು. ಊರಿನವರು ಜಾರುಬಾಗಿಲಣ್ಣ ಎಂದೇ ಕರೆಯುತ್ತಾರೆ. ಬಾಗಿಲು ಕಾಣಬೇಕು, ಕೇಳಬಾರದು ಎನ್ನುವುದು ಅವರ ಸಿದ್ಧಾಂತ. ಅದಕ್ಕಾಗಿ ಚರ್ಚಿನಲ್ಲಿ ಉರಿದು ಉಳಿದ ಮೇಣದಬತ್ತಿಯ ತುಂಡುಗಳನ್ನು ಚೀಲದಲ್ಲಿ ತುಂಬಿಕೊಂಡು ಬಂದು ಬಾಗಿಲಿನ ಹಳಿಗೆ ಉಜ್ಜುತ್ತಾರೆ. ‘ಜನ ಇಲ್ಲಿ ಹಚ್ಚಿದ ಪ್ರಾರ್ಥನೆಯೆಲ್ಲ ಕೊನೆಗೆ ಅವರವರ ಅಲಮಾರಿಗೇ ವಾಪಸ್ ಹೋಗುತ್ತೆ’ ಎಂದು ಫಾದರ್ ತಮಾಷೆ ಮಾಡುವುದುಂಟು.

ಮನೆಯ ಹಿಂದೆ ಭಾವನ ಶೆಡ್ಡಿದೆ. ಅದಕ್ಕೆ ಮಾತ್ರ ಬಾಗಿಲಿಲ್ಲ. ಮದುವೆಯಾದಾಗಿನಿಂದ ಅಕ್ಕ ಕೇಳುತ್ತಲೇ ಇದ್ದಾಳೆ, “ಯಾವ ತರದ್ದು ಹಾಕೋದು ಅಂತ ಯೋಚನೆ ಮಾಡ್ತಿದ್ದೀನಿ ಕಣೇ” ಎಂದು ಭಾವ ಹೇಳುತ್ತಲೇ ಇದ್ದಾರೆ. ಒಳಗೆ ಗೋಡೆ ಗಡಿಯಾರದ ಹೊಟ್ಟೆ, ಫ್ಯಾನಿನ ತಲೆ, ಅಕ್ಕನ ಹೊಲಿಗೆ ಯಂತ್ರದ ಅರ್ಧ ದೇಹ, ಯಾವ ಕಾಲದ್ದೋ ರೇಡಿಯೋದ ಕರುಳು. ಒಂದು ವಸ್ತು ಹೇಗೆ ಓಡುತ್ತದೆ ಎಂದು ತಿಳಿಯುವ ತನಕ ಭಾವನಿಗೆ ನಿದ್ದೆಯಿಲ್ಲ, ತಿಳಿದ ಮೇಲೆ ಅದರಲ್ಲಿ ಆಸಕ್ತಿಯಿಲ್ಲ. “ಬಿಚ್ಚೋಕೆ ಬರುತ್ತೆ ಅಂತ ಮದುವೆ ಆದ ವಾರದಲ್ಲೇ ಗೊತ್ತಾಯ್ತು. ಜೋಡಿಸೋಕೆ ಬರುತ್ತಾ ಅಂತ ಇನ್ನೂ ಕಾಯ್ತಾ ಇದ್ದೀನಿ,” ಎನ್ನುತ್ತಾಳೆ ಅಕ್ಕ.

ಇಂಥ ಮನುಷ್ಯನ ತಲೆಗೆ ಕ್ರಿಸ್ಮಸ್ ನಾಟಕ ಹೇಗೆ ಬಂದು ಕಟ್ಟಿಕೊಂಡಿತು ಎಂದು ಹೇಳಬೇಕಾದರೆ ಅಧ್ಯಕ್ಷರ ಹೆಬ್ಬೆರಳಿನಿಂದಲೇ ಶುರುಮಾಡಬೇಕು.

ಅಧ್ಯಕ್ಷರೆಂದರೆ ನಮ್ಮ ಚರ್ಚಿನ ಹಬ್ಬದ ಸಮಿತಿಯ ಅಧ್ಯಕ್ಷರು. ಯಾವುದೋ ದೊಡ್ಡ ಕಚೇರಿಯ ಮುಖ್ಯಸ್ಥರಾಗಿದ್ದವರು. ಅವರು ನಿವೃತ್ತರಾದದ್ದನ್ನು ಕಚೇರಿ ಒಪ್ಪಿಕೊಂಡಿದೆ, ಅವರು ಇನ್ನೂ ಒಪ್ಪಿಕೊಂಡಿಲ್ಲ. ‘ಒಟ್ಟಾರೆಯಾಗಿ ಹೇಳೋದಾದ್ರೆ’ ಎಂದು ಅವರು ಅಂದರೆ ಮಾತು ಈಗ ಶುರುವಾಯಿತು ಎಂದು ಅರ್ಥ. ಪ್ರತಿ ಕ್ರಿಸ್ಮಸ್ಸಿಗೂ ಒಂದೇ ಹಳೆಯ ನಾಟಕ ಆಡುತ್ತಿದ್ದೆವು, ಅದರಲ್ಲಿ ಪ್ರತಿ ವರ್ಷವೂ ಅವರೇ ರಾಜ. ಕೊಟ್ಟಿಗೆಯಲ್ಲಿ ಕೂಸು ಹುಟ್ಟುವ ಕಥೆಯಲ್ಲಿ ರಾಜನಿಗೆ ಇರುವ ಕೆಲಸ ಎಷ್ಟು? ಆದರೂ ರಾಜನ ಭಾಷಣ ವರ್ಷವರ್ಷಕ್ಕೂ ಬೆಳೆದು, ಕೂಸು ಹುಟ್ಟುವಷ್ಟರಲ್ಲಿ ಮುಂದಿನ ಸಾಲಿನ ಮಕ್ಕಳೆಲ್ಲ ನಿದ್ದೆ ಹೋಗಿರುತ್ತಿದ್ದವು. ರಾಜನಿಗೆ ಮಾತು ಮರೆತಾಗ ಪಕ್ಕದ ಪರದೆಯ ಮರೆಯಿಂದ ಪಿಸುಗುಟ್ಟಿ ಹೇಳಿಕೊಡುತ್ತಿದ್ದವಳು ನಮ್ಮ ಅಕ್ಕ. ಆ ಮರೆಯಲ್ಲಿ ಅವಳ ಒಂದು ಸ್ಟೂಲು ಇತ್ತು. ಆ ಸ್ಟೂಲಿನಿಂದ ಅವಳು ಎಂದೂ ಏಳುವಳೆಂದು ಯಾರೂ ಎಣಿಸಿರಲಿಲ್ಲ.

ಈ ಸಲ ಅಧ್ಯಕ್ಷರು ಮಗಳ ಊರಿಗೆ ಹೋಗಿ ಬಂದಿದ್ದರು. ಅಲ್ಲಿನ ದೊಡ್ಡ ಚರ್ಚಿನಲ್ಲಿ ನಾಟಕ ನೋಡಿದ್ದರು. ಸಮಿತಿಯ ಸಭೆಯಲ್ಲಿ ಫೋನು ತೆಗೆದು ಎಲ್ಲರ ಮುಂದೆ ಹಿಡಿದರು. “ಒಟ್ಟಾರೆಯಾಗಿ ಹೇಳೋದಾದ್ರೆ, ನಮಗೂ ಇದೇ ಬೇಕು. ಓಡಾಡೋ ವಿಡಿಯೋ ಪರದೆ!”

ಫೋನಿನಲ್ಲಿ ಎತ್ತರದ ಮೂರು ಪರದೆಗಳು ವೇದಿಕೆಯ ಮೇಲೆ ಆಚೀಚೆ ಸರಿಯುತ್ತಿದ್ದವು. ಅವುಗಳ ಮೇಲಿನ ಚಿತ್ರಗಳೂ ಜೊತೆಗೇ ಸರಿಯುತ್ತಿದ್ದವು. ಉಳಿದ ಅರ್ಧ ಭಾಗ ಕಪ್ಪಗಿತ್ತು.

“ಈ ಕಪ್ಪಗಿರೋದು ಏನು ಸರ್?” ಎಂದರು ಭಾವ. ಸಭೆಗೆ ಅವರನ್ನು ಕರೆದದ್ದು ಚರ್ಚಿನ ಹಾಲಿನ ಕಿಟಕಿ ರಿಪೇರಿಗೆ.

“ಅದು ನನ್ನ ಹೆಬ್ಬೆರಳು. ಅದನ್ನ ಬಿಟ್ಟು ನೋಡಿ.”

ಬಿಟ್ಟು ನೋಡಲು ಉಳಿದದ್ದು ಕಡಿಮೆ. ಆ ಹೆಬ್ಬೆರಳಿನ ಹಿಂದೆ ಪರದೆಗಳಿಂದ ಇಳಿದ ದಪ್ಪ ವಯರುಗಳಿದ್ದವು, ಆ ಪರದೆಗಳು ಸ್ವತಃ ಬೆಳಗುವಂಥವು, ದೊಡ್ಡ ಟೀವಿಯಂಥವು ಎನ್ನುವುದು ನಮಗೆ ಆಮೇಲೆ ತಿಳಿಯಿತು. ಆಗ ಎಲ್ಲರೂ ತಲೆಯಾಡಿಸಿದೆವು. ಪರದೆ, ಗಾಲಿ, ಶಾಲೆಯ ಪ್ರೊಜೆಕ್ಟರು. ಇನ್ನೇನು ಬೇಕು?

ಆಗ ಅಕ್ಕ ಎದ್ದು ನಿಂತಳು.

“ಪರದೆ ಓಡಾಡುತ್ತೆ ಅಂದ್ರೆ ನನ್ನ ಹತ್ರ ಒಂದು ನಾಟಕ ಇದೆ,” ಎಂದಳು. “ತುಂಬು ಬಸುರಿ, ಅವಳ ಗಂಡ ಹೆರಿಗೆಗೆ ಜಾಗ ಹುಡುಕ್ಕೊಂಡು ಊರೆಲ್ಲ ಅಲೀತಾರೆ. ಬಾಗಿಲು ತಟ್ಟೋಕೆ ಕೈ ಎತ್ತಿದ್ರೆ ಸಾಕು, ಆ ಬಾಗಿಲೇ ಜಾರಿಕೊಂಡು ದೂರ ಹೋಗುತ್ತೆ. ಊರಿಗೆ ಊರೇ ಅವರನ್ನ ನೋಡಿ ಸರಿದುಕೊಳ್ಳುತ್ತೆ. ಅಷ್ಟೇ ನಾಟಕ.”

ಅಧ್ಯಕ್ಷರಿಗೆ ಹೊಳೆದದ್ದು ಒಂದೇ ಪ್ರಶ್ನೆ. “ಮತ್ತೆ ರಾಜ?”

“ಇದರಲ್ಲಿ ರಾಜ ಇಲ್ಲ ಸರ್.”

“ರಾಜ ಇಲ್ದೆ ನಾಟಕ ಹೇಗಮ್ಮಾ? ಹೋಗಲಿ, ಪರದೆ ಯಾರು ಮಾಡ್ತಾರೆ?”

“ನಮ್ಮನೆಯವರು ಮಾಡ್ತಾರೆ.”

“ಮಾಡ್ತಾರೆ ಸರಿ. ಮುಗಿಸ್ತಾರಾ?” ಎಂದರು ಅಧ್ಯಕ್ಷರು. ಭಾವನ ಶೆಡ್ಡನ್ನು ಕಂಡವರೆಲ್ಲ ನಕ್ಕರು, ಕಾಣದವರು ಯಾರೂ ಇರಲಿಲ್ಲ. ಅಕ್ಕನ ಕಿವಿ ಕೆಂಪಗಾದದ್ದು ನನಗೆ ಕಂಡಿತು. ಭಾವನಿಗೂ ಕಂಡಿರಬೇಕು, ಅವರು ಪಕ್ಕದ ಕಿಟಕಿಯನ್ನು ಹಿಡಿದು ಮೆಲ್ಲಗೆ ಅಲುಗಾಡಿಸತೊಡಗಿದರು.

ಕೊನೆಗೆ ಫಾದರ್ ಒಂದು ತೀರ್ಮಾನ ಹೇಳಿದರು. ತಾಲೀಮಿನ ದಿನ ಪರದೆ ಓಡಾಡಿದರೆ ಅಕ್ಕನ ನಾಟಕ, ಇಲ್ಲದಿದ್ದರೆ ಹಳೆಯ ನಾಟಕ, ಅದರ ರಾಜ ಸಮೇತ.

ಅಂದಿನಿಂದ ಭಾವ ಬೇರೆ ಮನುಷ್ಯರಾದರು. ಹಾಲಿನ ವೇದಿಕೆ ಹಳೆಯ ಮರದ್ದು, ಬೆಕ್ಕು ನಡೆದರೂ ಕಿರುಗುಟ್ಟುವಂಥದ್ದು. ಅದರ ಮೇಲೆ ಗಾಲಿ ಓಡಿಸಿದರೆ ಬಸುರಿಯ ಮಾತು ಯಾರಿಗೂ ಕೇಳುವುದಿಲ್ಲ. ಆದ್ದರಿಂದ ಪರದೆಗಳನ್ನು ಅಲಮಾರಿನ ಬಾಗಿಲಿನ ಹಾಗೆ ಮೇಲಿನಿಂದ ತೂಗುಹಾಕುವುದೆಂದು ತೀರ್ಮಾನಿಸಿದರು. ತೊಲೆಗೆ ಒಂದರ ಹಿಂದೊಂದು ಮೂರು ಹಳಿ, ಹಳಿಗೆ ಉರುಳೆ, ಉರುಳೆಗೆ ಅಲ್ಯೂಮಿನಿಯಂ ಪೈಪಿನ ಚೌಕಟ್ಟು, ಚೌಕಟ್ಟಿಗೆ ಬಿಗಿಯಾಗಿ ಬಿಳಿ ಬಟ್ಟೆ. ಬಟ್ಟೆಯನ್ನು ಹೊಲಿಯಬೇಕಾದವಳು ಅಕ್ಕ, ಅವಳ ಯಂತ್ರವೋ ಶೆಡ್ಡಿನಲ್ಲಿ ಅಂಗಾತ ಬಿದ್ದಿತ್ತು. ಹೀಗೆ ಭಾವ ತಮ್ಮ ಜೀವಮಾನದಲ್ಲಿ ಬಿಚ್ಚಿದ್ದೊಂದನ್ನು ಮೊದಲ ಬಾರಿಗೆ ಮತ್ತೆ ಜೋಡಿಸಿದರು. ಒಂದು ಸ್ಕ್ರೂ ಉಳಿಯಿತು. “ಅದು ಕಂಪನಿಯವರೇ ಜಾಸ್ತಿ ಹಾಕಿರೋದು,” ಎಂದರು. ಯಂತ್ರ ಓಡಿತು. ಅಕ್ಕ ಒಂದು ಕ್ಷಣ ಅವರ ಮುಖ ನೋಡಿ, ಬಟ್ಟೆ ಹಾಸಿಕೊಂಡು ಹೊಲಿಯಲು ಕೂತಳು.

ಪರದೆ ಎಳೆಯಲು ಹಗ್ಗ, ಹಗ್ಗ ಹಿಡಿಯಲು ಜನ ಬೇಕಲ್ಲ. ನಾಟಕದಲ್ಲಿ ಮಾತು ಕೊಟ್ಟರೆ ನಾನು ಸ್ವಂತದ್ದು ಸೇರಿಸುತ್ತೇನೆ ಎಂಬ ಭಯದಿಂದ ಅಕ್ಕ ನನಗೆ ನಡುವಿನ ಪರದೆಯ ಹಗ್ಗ ಕೊಟ್ಟಳು. ಉಳಿದೆರಡಕ್ಕೆ ಗಾಯನತಂಡದ ಇಬ್ಬರು ಗಟ್ಟಿ ಆಳುಗಳು.

ಶಾಲೆಯ ವಿಜ್ಞಾನದ ಮೇಷ್ಟ್ರು ಪ್ರೊಜೆಕ್ಟರಿನ ಒಡೆಯರು. ಪಾಠ ಮುಗಿಯುವ ತನಕ ಅದು ಶಾಲೆ ಬಿಟ್ಟು ಬರುವ ಹಾಗಿರಲಿಲ್ಲ, ಬರುವುದೇನಿದ್ದರೂ ತಾಲೀಮಿಗೇ. ಒಂದು ದಿನ ಅವರು ಪರದೆ ನೋಡಲು ಬಂದಾಗ ಭಾವ ಗಂಭೀರವಾಗಿ ಕೇಳಿದರು.

“ಮೇಷ್ಟ್ರೇ, ಚಿತ್ರ ಬಿದ್ದ ಮೇಲೆ ಪರದೆ ಭಾರ ಆಗುತ್ತಾ? ಉರುಳೆ ತಡೆಯುತ್ತಾ?”

“ಬೆಳಕಿಗೆ ಭಾರ ಎಲ್ಲಿಂದ ಬರ್ಬೇಕು ಅಣ್ಣಾ!” ಎಂದು ಮೇಷ್ಟ್ರು ಹೊಟ್ಟೆ ಹಿಡಿದುಕೊಂಡು ನಕ್ಕರು. ಭಾವನೂ ನಕ್ಕರು. ಇನ್ನೊಂದೇ ಒಂದು ಪ್ರಶ್ನೆ ಮುಂದೆ ಹೋಗಿದ್ದರೆ ಆಮೇಲಿನ ಫಜೀತಿ ತಪ್ಪುತ್ತಿತ್ತು. ಆದರೆ ನಗು ಬಂದಾಗ ಯಾರಿಗೆ ತಾನೇ ಮುಂದಿನ ಪ್ರಶ್ನೆ ಹೊಳೆಯುತ್ತದೆ?

ತಾಲೀಮಿನ ಸಂಜೆ ಬಂತು. ಫಾದರ್ ಮುಂದಿನ ಕುರ್ಚಿಯಲ್ಲಿ, ಪಕ್ಕದಲ್ಲಿ ಅಧ್ಯಕ್ಷರು. ಅಧ್ಯಕ್ಷರ ತೊಡೆಯ ಮೇಲೆ ಒಂದು ಚೀಲ. ಚೀಲದ ಬಾಯಿಂದ ರಾಜನ ಮೇಲಂಗಿಯ ಜರಿ ಇಣುಕುತ್ತಿತ್ತು. “ಯಾವುದಕ್ಕೂ ಇರಲಿ ಅಂತ ತಂದೆ,” ಎಂದರು.

ಕಿಟಕಿಗಳನ್ನು ಮುಚ್ಚಿ ಕತ್ತಲೆ ಮಾಡಿದರು. ಹಾಲಿನ ಹಿಂಬದಿಯಿಂದ ಮೇಷ್ಟ್ರು ಪ್ರೊಜೆಕ್ಟರ್ ಹಚ್ಚಿದರು. ಮೂರು ಪರದೆಗಳ ಮೇಲೆ ಮೂರು ಬಾಗಿಲುಗಳು ಮೂಡಿದವು, ಹಳೆಯ ಮರದ ಬಾಗಿಲು, ಹಿತ್ತಾಳೆಯ ಹಿಡಿ. ಹಾಲಿನಲ್ಲಿದ್ದವರೆಲ್ಲ ‘ಆಹಾ’ ಎಂದೆವು. ಅಕ್ಕ ಎರಡು ಕೈಯನ್ನೂ ಗಲ್ಲಕ್ಕೆ ಒತ್ತಿಕೊಂಡಳು. ಬಸುರಿಯ ಪಾತ್ರದ ನರ್ಸಮ್ಮ, ಗಂಡನ ಪಾತ್ರದ ಪೋಸ್ಟ್‌ಮ್ಯಾನ್ ಇಬ್ಬರೂ ಸುಸ್ತಾದವರಂತೆ ನಡೆದು ಬಂದರು. ನರ್ಸಮ್ಮ ನಡುವಿನ ಬಾಗಿಲು ತಟ್ಟಲು ಕೈ ಎತ್ತಿದರು. ಭಾವ ನನಗೆ ಸನ್ನೆ ಮಾಡಿದರು. ನಾನು ಹಗ್ಗ ಎಳೆದೆ.

ಪರದೆ ಬೆಣ್ಣೆಯಲ್ಲಿ ಜಾರಿದಂತೆ ಸರಿಯಿತು. ಒಂದು ಚೂರೂ ಸದ್ದಿಲ್ಲ. ಭಾವನ ಮುಖ ಅರಳಿತು.

ಬಾಗಿಲು ಮಾತ್ರ ಎಲ್ಲಿತ್ತೋ ಅಲ್ಲೇ ನಿಂತಿತು. ಹಿಂದಿನ ಬಿಳಿ ಸುಣ್ಣದ ಗೋಡೆಯ ಮೇಲೆ, ಹಿತ್ತಾಳೆಯ ಹಿಡಿ ಸಮೇತ, ಇನ್ನೂ ಸ್ವಲ್ಪ ದೊಡ್ಡದಾಗಿ. ಸರಿದ ಪರದೆ ಬರಿಗೈಯಲ್ಲಿ ಹೋಗಿ ಪಕ್ಕದ ಬಾಗಿಲಿನ ಅರ್ಧವನ್ನು ಎದೆಗೆ ಹಾಕಿಕೊಂಡು ನಿಂತಿತ್ತು.

ನರ್ಸಮ್ಮ ಎತ್ತಿದ ಕೈಯನ್ನು ಇಳಿಸಲಿಲ್ಲ. “ಅಕ್ಕಾ, ಬಾಗಿಲು ಇಲ್ಲೇ ಇದೆ. ತಟ್ಟಲಾ, ಬೇಡ್ವಾ?”

ಯಾರೋ ಕಿಸಕ್ಕೆಂದರು. ಆಮೇಲೆ ಹಾಲಿಗೆ ಹಾಲೇ ನಕ್ಕಿತು. ಮೇಷ್ಟ್ರು ಹಣೆ ಚಚ್ಚಿಕೊಂಡರು. “ಬೆಳಕು ಇಲ್ಲಿಂದ ನೆಟ್ಟಗೆ ಹೋಗೋದು. ಪರದೆ ಹೋದ್ರೆ ಅದ್ಯಾಕೆ ಹಿಂದೆ ಹೋಗುತ್ತೆ? ಛೇ, ಛೇ!”

“ಒಟ್ಟಾರೆಯಾಗಿ ಹೇಳೋದಾದ್ರೆ,” ಎಂದು ಅಧ್ಯಕ್ಷರು ಎದ್ದರು, “ಪ್ರಯತ್ನ ಒಳ್ಳೇದೇ ಇತ್ತು.” ಅವರ ಕೈ ಆಗಲೇ ಚೀಲದೊಳಗಿತ್ತು.

ಅಕ್ಕ ಹೋಗಿ ತನ್ನ ಹಳೆಯ ಸ್ಟೂಲಿನ ಮೇಲೆ ಕೂತಳು. ನನಗೆ ಹಗ್ಗ ಬಿಟ್ಟು ಅವಳ ಹತ್ತಿರ ಹೋಗೋಣವೆನಿಸಿತು, ಆದರೆ ಭಾವ “ಬಿಡಬೇಡಯ್ಯಾ!” ಎಂದರು.

“ಮೊದಲು ಟೀ ಕುಡಿಯೋಣ,” ಎಂದರು ಫಾದರ್. ಕೆಟ್ಟ ಸುದ್ದಿ ಹೇಳುವ ಮೊದಲು ಅವರು ಯಾವಾಗಲೂ ಟೀ ಕುಡಿಸುತ್ತಾರೆ.

ಎಲ್ಲರೂ ಟೀಗೆ ಹೋದರೂ ಭಾವ ಹೋಗಲಿಲ್ಲ. ಅವರಿಗೆ ಅವಮಾನವಾದಂತೆಯೂ ಕಾಣಲಿಲ್ಲ. ಗಡಿಯಾರದ ಹಿಂದಿನ ಮುಚ್ಚಳ ತೆಗೆಯುವಾಗ ಇರುವ ಮುಖ ಬಂದಿತ್ತು. “ಇನ್ನೊಂದ್ಸಲ ಎಳಿ,” ಎಂದರು. ಎಳೆದೆ. “ನಿಧಾನ. ವಾಪಸ್ ಬಿಡು. ಮತ್ತೆ ಎಳಿ.” ಅವರು ಪರದೆಯ ಮುಂದೆ ಬಗ್ಗಿ, ಹಿಂದೆ ಹೋಗಿ, ಬೆಳಕಿಗೆ ಅಂಗೈ ಒಡ್ಡಿ ನೋಡಿದರು. ಅಂಗೈಯ ಮೇಲೆ ಬಾಗಿಲಿನ ಹಿಡಿ ಬಂದು ಕೂತಿತು. ಕೈ ಸರಿಸಿದರು, ಹಿಡಿ ಹೋಗಿ ಬಾಗಿಲಿನ ಅಂಚು ಬಂತು.

“ನೋಡಿದ್ಯಾ? ಚಿತ್ರ ಎಲ್ಲಾ ಕಡೆ ಇದೆ ಕಣಯ್ಯ. ಗಾಳೀಲೇ ಇದೆ. ನಾವು ಎಲ್ಲಿ ಕೈ ಹಿಡಿತೀವೋ ಅಷ್ಟು ಕಾಣುತ್ತೆ. ಈ ಹಾಳು ಗೋಡೆ ಒಂದು ಮಧ್ಯೆ ಬಾಯಿ ಹಾಕದೆ ಇದ್ದಿದ್ರೆ...”

ಅಷ್ಟರಲ್ಲಿ ಫಾದರ್, ಒಂದು ಕೈಯಲ್ಲಿ ತಮ್ಮ ಟೀ, ಇನ್ನೊಂದರಲ್ಲಿ ಅಕ್ಕನಿಗೆಂದು ತಂದ ಟೀ ಹಿಡಿದು ವೇದಿಕೆಯನ್ನು ದಾಟುತ್ತಿದ್ದರು. ಮೈತುಂಬ ಕಪ್ಪು ನಿಲುವಂಗಿ. ಅವರು ಹಾದುಹೋದ ಕಡೆ ಗೋಡೆಯ ಮೇಲಿನ ಬಾಗಿಲು ಮಾಯವಾಯಿತು, ನಿಲುವಂಗಿಯ ಮೇಲೂ ಮೂಡಲಿಲ್ಲ. ಅವರ ನರೆತ ಗಡ್ಡದ ಮೇಲೆ ಮಾತ್ರ ಒಂದು ಚೂರು ಮರದ ಹಲಗೆ ಹೊಳೆಯಿತು.

“ಫಾದರ್! ಅಲ್ಲೇ ನಿಂತ್ಕೊಳ್ಳಿ!” ಎಂದು ಭಾವ ಕೂಗಿದ ರಭಸಕ್ಕೆ ಟೀ ಚೆಲ್ಲಿತು. ಭಾವ ಹತ್ತಿರ ಹೋಗಿ ನಿಲುವಂಗಿಯ ತುದಿ ಹಿಡಿದು ಬೆಳಕಿಗೆ ಆಚೀಚೆ ತಿರುಗಿಸಿದರು. “ಇದು ಚಿತ್ರಾನ ನುಂಗುತ್ತೆ. ಪೂರ್ತಿ ನುಂಗುತ್ತೆ!”

“ದಯವಿಟ್ಟು ಇದನ್ನೂ ಬಿಚ್ಚಬೇಡಿ,” ಎಂದರು ಫಾದರ್.

ಟೀ ಲೋಟ ಹಿಡಿದವರೆಲ್ಲ ಒಬ್ಬೊಬ್ಬರಾಗಿ ಮತ್ತೆ ಒಳಗೆ ಬಂದರು. ಗಾಯನತಂಡದ ಕಪ್ಪು ನಿಲುವಂಗಿಗಳನ್ನು ಬೀರುವಿನಿಂದ ತಂದು ಹಿಂದಿನ ಗೋಡೆಗೆ ಸಾಲಾಗಿ ತೂಗುಹಾಕಿದೆವು. ಗೋಡೆ ಇಲ್ಲವಾಯಿತು. “ಮೇಷ್ಟ್ರೇ, ಬಾಗಿಲು ಬೇಡ. ಉದ್ದಕ್ಕೆ ಇರೋ ಒಂದೇ ಚಿತ್ರ ಇದ್ರೆ ಹಾಕಿ,” ಎಂದರು ಭಾವ. ಮೇಷ್ಟ್ರು ತಡಕಾಡಿ, ಶಾಲೆಯ ಮಹಡಿಯಿಂದ ತೆಗೆದ ಬೀದಿಯ ಫೋಟೋ ಒಂದನ್ನು ವೇದಿಕೆಯ ಉದ್ದಕ್ಕೂ ಹರಡಿದರು. ಎರಡು ಪರದೆಗಳನ್ನು ತಾತ್ಕಾಲಿಕವಾಗಿ ಬದಿಗೆ ಸರಿಸಿ, ಒಂದನ್ನು ಉಳಿಸಿದೆವು. ನಾನು ಎಳೆದೆ.

ಕತ್ತಲೆಯಲ್ಲಿ ಬರೀ ಒಂದು ಪರದೆ ನಡೆಯಿತು. ಅದರೊಳಗೆ ಒಂದು ಮನೆ ಬಂತು, ಹೋಯಿತು. ಒಂದು ದೀಪದ ಕಂಬ. ಇನ್ನೊಂದು ಮನೆ, ಕಟ್ಟೆಯ ಮೇಲೆ ಮಲಗಿದ್ದ ನಾಯಿ. ಪರದೆ ಮುಂದೆ ಹೋದಂತೆ ಹಿಂದಿನದು ಕತ್ತಲೆಗೆ ಸೇರುತ್ತಿತ್ತು. ಲಾಟೀನು ಹಿಡಿದು ಬೀದಿಯಲ್ಲಿ ಹೋಗುತ್ತಿದ್ದೇವೆ, ಬೆಳಕು ಬಿದ್ದಷ್ಟೇ ಊರು ಎನ್ನುವ ಹಾಗಿತ್ತು. ಯಾರೂ ನಗಲಿಲ್ಲ. ನಾಯಿಯನ್ನು ಇನ್ನೊಮ್ಮೆ ತೋರಿಸಿ ಎಂದು ಪೋಸ್ಟ್‌ಮ್ಯಾನ್ ಕೇಳಿಕೊಂಡದ್ದೊಂದೇ ಸದ್ದು.

ಅಕ್ಕ ಸ್ಟೂಲಿನಿಂದ ಎದ್ದು ಬಂದಳು.

“ರೀ, ಇದು ಇವರ ಜೊತೆ ನಡೆಯುತ್ತಾ? ಇವರು ನಿಂತರೆ ನಿಲ್ಲುತ್ತಾ?”

“ನೀನು ಹೇಳಿದ ಹಾಗೆ ನಡೆಯುತ್ತೆ. ಹಗ್ಗ ನಿನ್ನ ತಮ್ಮನ ಕೈಲಿದೆ, ಅದೊಂದೇ ಚಿಂತೆ.”

“ಹಾಗಾದ್ರೆ ಬಾಗಿಲು ಓಡಿಹೋಗೋದು ಬೇಡ,” ಎಂದಳು ಅಕ್ಕ ನಿಧಾನವಾಗಿ, ತನಗೆ ತಾನೇ ಹೇಳಿಕೊಳ್ಳುವಂತೆ. “ಬಾಗಿಲು ಯಾಕೆ ಓಡಬೇಕು? ಅದು ಇದ್ದಲ್ಲೇ ಇರುತ್ತೆ, ತೆಗೆಯೋದಿಲ್ಲ ಅಷ್ಟೆ. ಇವರೇ ಮುಂದೆ ಹೋಗ್ತಾರೆ.” ಆಮೇಲೆ ಮೇಷ್ಟ್ರ ಕಡೆ ತಿರುಗಿದಳು. “ಮೇಷ್ಟ್ರೇ, ನಮ್ಮ ಬೀದಿ ಫೋಟೋ ಬೇಕು. ಎಲ್ಲರ ಮನೆ ಬಾಗಿಲೂ, ಒಂದೂ ಬಿಡದ ಹಾಗೆ.”

ಫಾದರ್ ಅಧ್ಯಕ್ಷರನ್ನು ನೋಡಿದರು. ಅಧ್ಯಕ್ಷರು ಚೀಲವನ್ನು ನೋಡಿಕೊಂಡರು. “ಪರದೆ ಓಡಾಡ್ತಲ್ಲಾ,” ಎಂದರು ಫಾದರ್. ಅಷ್ಟಕ್ಕೆ ತೀರ್ಮಾನವಾಯಿತು.

ಅಧ್ಯಕ್ಷರನ್ನು ಅಕ್ಕ ಬರಿಗೈಯಲ್ಲಿ ಕಳಿಸಲಿಲ್ಲ. ಕೊನೆಯ ಮನೆಯ ಯಜಮಾನನ ಪಾತ್ರ ಕೊಟ್ಟಳು. ಮಾತು ಒಂದೇ, ‘ಜಾಗ ಇಲ್ಲ.’

“ಯಾಕೆ ಜಾಗ ಇಲ್ಲ ಅಂತ ಸ್ವಲ್ಪ ವಿವರಿಸಿದ್ರೆ ಹೇಗಮ್ಮಾ?”

“ವಿವರಿಸೋದು ಬೇಡ ಸರ್. ಜಾಗ ಇಲ್ಲ ಅಂದ್ರೆ ಸಾಕು.”

ಹಬ್ಬದ ಸಂಜೆ ಹಾಲು ತುಂಬಿತ್ತು. ಸ್ವಾಗತ ಭಾಷಣವನ್ನು ಅಧ್ಯಕ್ಷರೇ ಮಾಡಿದರು, ರಾಜನ ಭಾಷಣದ ಬಾಕಿಯನ್ನೆಲ್ಲ ಅಲ್ಲಿಯೇ ತೀರಿಸಿಕೊಂಡರು. ಆಮೇಲೆ ದೀಪ ಆರಿತು. ನನ್ನ ಕೈಯ ಹಗ್ಗ ಬೆವರಿನಿಂದ ಒದ್ದೆಯಾಗಿತ್ತು.

ನರ್ಸಮ್ಮ, ಪೋಸ್ಟ್‌ಮ್ಯಾನ್ ನಡೆದರು. ಪರದೆ ಅವರ ಜೊತೆ ನಡೆಯಿತು. ಮೊದಲ ಬಾಗಿಲು ಕಂಡಕೂಡಲೇ ಹಾಲಿನ ಮಧ್ಯದಿಂದ ಒಂದು ಹೆಂಗಸಿನ ದನಿ. “ಅಯ್ಯೋ, ನಮ್ಮನೆ! ಮೆಟ್ಟಿಲ ಮೇಲೆ ಚಪ್ಪಲಿ ನೋಡ್ರೀ, ಒಳಗಿಡಿ ಅಂದ್ರೆ ಕೇಳಲ್ಲ!” ಜನ ನಕ್ಕರು. ನರ್ಸಮ್ಮ ಬಾಗಿಲು ತಟ್ಟಿದರು, ಕಾದರು, ಮುಂದೆ ನಡೆದರು. ಆ ಮನೆ ಕತ್ತಲೆಗೆ ಹೋಯಿತು. ಎರಡನೆಯದು ದರ್ಜಿಯ ಮನೆ. ಮತ್ತೆ ನಗು. ತಟ್ಟಿದರು, ಕಾದರು. ಮೂರನೆಯದಕ್ಕೆ ನಗು ಸಣ್ಣದಾಯಿತು. ಆಮೇಲೆ ಬಂದ ಬಾಗಿಲುಗಳಿಗೆ ಯಾರೂ ನಗಲಿಲ್ಲ. ತಮ್ಮ ಮನೆ ಬರುತ್ತದೆಂದು ಕಾಯುತ್ತಿದ್ದವರು, ಬರದಿದ್ದರೆ ಸಾಕು ಎಂದು ಕಾಯುವಂತೆ ಕಂಡಿತು. ನನ್ನ ಮನೆಯ ಬಾಗಿಲನ್ನು ನಾನೇ ಎಳೆದು ತಂದು, ನಾನೇ ಕತ್ತಲೆಗೆ ಸೇರಿಸಿದೆ. ಬದಿಯಲ್ಲಿ ಕೂತಿದ್ದ ಅಜ್ಜಿಯೊಬ್ಬರು ಮೊಮ್ಮಗಳಿಗೆ ಹೇಳುತ್ತಿದ್ದದ್ದು ನನಗೆ ಕೇಳಿಸಿತು. “ನಾವಾಗಿದ್ರೆ ತೆಗೀತಿದ್ವಿ ಕಣೇ. ನಿಜವಾಗ್ಲೂ ತೆಗೀತಿದ್ವಿ.”

ಕೊನೆಯದು ಹೊಸದಾಗಿ ಪಾಲಿಶ್ ಮಾಡಿದ ಎರಡು ಪಾಲಿನ ಜಾರುಬಾಗಿಲು, ಭಾವನೇ ಕೂರಿಸಿದ್ದು. ಪರದೆಯ ಪಕ್ಕದಿಂದ ಹೊರಗೆ ಬಂದ ಅಧ್ಯಕ್ಷರು ಬಾಯಿ ತೆರೆದವರು ಹಾಗೆಯೇ ನಿಂತರು. ಅದು ಅವರದೇ ಮನೆ. ಅವರು ತಾಲೀಮಿಗೆ ಬಂದಾಗಲೆಲ್ಲ ಮೇಷ್ಟ್ರು ಈ ಜಾಗದಲ್ಲಿ ಬೇರೆ ಮನೆಯ ಫೋಟೋ ಹಾಕುತ್ತಿದ್ದರು. ಮಾತು ಮರೆತುಹೋಯಿತೋ, ಹೊರಡಲಿಲ್ಲವೋ. ಅಕ್ಕ ಮರೆಯಲ್ಲೇ ಇದ್ದಳು, ಹೇಳಿಕೊಡಬಹುದಿತ್ತು. ಹೇಳಿಕೊಡಲಿಲ್ಲ. ಅಧ್ಯಕ್ಷರು ನರ್ಸಮ್ಮನ ಮುಖವನ್ನೊಮ್ಮೆ, ತಮ್ಮ ಬಾಗಿಲನ್ನೊಮ್ಮೆ ನೋಡಿ, ಇಷ್ಟು ವರ್ಷ ಯಾವ ರಾಜನೂ ಆಡದಷ್ಟು ಮೆಲ್ಲಗೆ ಹೇಳಿದರು. “ಜಾಗ... ಇಲ್ಲ.” ಹಿಂದಿನ ಸಾಲಿಗೂ ಕೇಳಿತು.

ಮುಂದೆ ಬೀದಿ ಮುಗಿದಿತ್ತು. ಬರೀ ಕತ್ತಲೆ. ಇಬ್ಬರೂ ಆ ಕತ್ತಲೆಯಲ್ಲಿ ನಡೆದರು. ಆಗ ಮೂರು ಪರದೆಗಳೂ ಎರಡು ಬದಿಯಿಂದ ಮೆಲ್ಲಗೆ ಬಂದು ಅಕ್ಕಪಕ್ಕ ನಿಂತವು. ಮೂರರಲ್ಲೂ ಸೇರಿ ಒಂದೇ ಜಾಗ ಬೆಳಗಿತು. ಗಡಿಯಾರದ ಹೊಟ್ಟೆ, ಫ್ಯಾನಿನ ತಲೆ, ರೇಡಿಯೋದ ಕರುಳು, ಮೂಲೆಯಲ್ಲಿ ಮೇಣದಬತ್ತಿಯ ಚೀಲ, ನಡುವೆ ಒಂದು ಹಳದಿ ಬಲ್ಬು. ಭಾವನ ಶೆಡ್ಡು. ಇಡೀ ಬೀದಿಯಲ್ಲಿ ತಟ್ಟುವುದಕ್ಕೆ ಬಾಗಿಲೇ ಇಲ್ಲದ ಒಂದೇ ಒಂದು ಜಾಗ. ನರ್ಸಮ್ಮ ಎಂದಿನಂತೆ ಕೈ ಎತ್ತಿ, ಏನನ್ನು ತಟ್ಟುವುದೆಂದು ಹುಡುಕಿ, ಏನೂ ಸಿಗದೆ, ಕೈ ಇಳಿಸಿ ಒಳಗೆ ಹೋಗಿ ಕೂತರು.

ಗಾಯನತಂಡ ಹಾಡಬೇಕಾದದ್ದು ಆಗ. ಸ್ವಲ್ಪ ತಡವಾಗಿ ಹಾಡಿತು. ಅವರೂ ನೋಡುತ್ತ ನಿಂತುಬಿಟ್ಟಿದ್ದರು.

ಶೆಡ್ಡಿನ ವಿಷಯವನ್ನು ಅಕ್ಕ ಭಾವನಿಗೆ ಮೊದಲೇ ಹೇಳಿರಲಿಲ್ಲ. ನಾನು ಅವರನ್ನು ಹುಡುಕಿದೆ. ಅವರು ತೊಲೆಯ ಕೆಳಗೆ, ತಲೆ ವಾಲಿಸಿ, ಹಳಿಗೆ ಕಿವಿಗೊಟ್ಟು ನಿಂತಿದ್ದರು. ಆದರೆ ಕಣ್ಣು ಮಾತ್ರ ಪರದೆಯ ಕಡೆಗಿತ್ತು.

ದೀಪ ಹತ್ತಿದ ಮೇಲೆ ಜನ ಅಕ್ಕನನ್ನು ಸುತ್ತುವರಿದರು. ಅಧ್ಯಕ್ಷರು ಬಂದು, “ಒಟ್ಟಾರೆಯಾಗಿ ಹೇಳೋದಾದ್ರೆ,” ಎಂದು ಆರಂಭಿಸಿ, ಅಕ್ಕನ ಕೈ ಹಿಡಿದು ಕುಲುಕಿ, ಮುಂದೆ ಏನೂ ಹೇಳದೆ ಹೋದರು. ಅಷ್ಟು ಚಿಕ್ಕದಾಗಿ ಒಟ್ಟಾರೆ ಮುಗಿದದ್ದನ್ನು ನಾನು ಅದೇ ಮೊದಲು ನೋಡಿದ್ದು.

ಜನ ಕರಗಿದ ಮೇಲೆ ಅಕ್ಕ ಸುತ್ತ ನೋಡಿದಳು. ಭಾವ ಏಣಿಯ ಮೇಲಿದ್ದರು.

“ರೀ, ಅಲ್ಲೇನು ಮಾಡ್ತಿದ್ದೀರಿ?”

“ಆ ಮೂರನೇದು ಕೊನೇಲಿ ಬರೋವಾಗ ಸಣ್ಣಗೆ ಒಂದು ಸದ್ದು ಮಾಡ್ತು. ನೀನು ಕೇಳ್ಲಿಲ್ವಾ?”

“ಯಾರೂ ಕೇಳ್ಲಿಲ್ಲ. ಬಿಚ್ಚಬೇಡಿ ಮತ್ತೆ, ನಾಳೆ ಇನ್ನೊಂದು ಆಟ ಇದೆ.”

“ಬಿಚ್ಚಲ್ಲ ಕಣೇ. ನೋಡ್ತೀನಿ ಅಷ್ಟೆ.”

ಅಕ್ಕ ತನ್ನ ಸ್ಟೂಲನ್ನು ಮರೆಯಿಂದ ಎಳೆದು ತಂದು, ವೇದಿಕೆಯ ನಟ್ಟನಡುವೆ, ಏಣಿಯ ಬುಡದಲ್ಲಿ ಹಾಕಿಕೊಂಡು ಕೂತು ಅಂಗೈಯನ್ನು ಮೇಲಕ್ಕೆ ಚಾಚಿದಳು. ಭಾವ ಒಂದು ಕ್ಷಣ ಅನುಮಾನಿಸಿ, ಜೇಬಿನಿಂದ ಎರಡು ಸ್ಕ್ರೂ ತೆಗೆದು ಅವಳ ಅಂಗೈಗೆ ಹಾಕಿದರು.